ವೈರು ಕೊಳ್ಳುವ ಮುಂಚೆ ಭಾರ ನೋಡಿ, ದೂರ ಅಳೆಯಿರಿ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ನಮ್ಮ ಸಂಘಗಳಲ್ಲಿ ಸಾಲ ಪಡೆದು ಹಿಟ್ಟಿನ ಗಿರಣಿ, ರೊಟ್ಟಿ ಯಂತ್ರ ತರುವವರಿದ್ದೇವೆ. ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಟ್ಟ ನಾವು, ಹಿತ್ತಲ ಶೆಡ್ಡಿಗೆ ವೈರು ಎಳೆಸುವಾಗ ಮಾತ್ರ ಕೈ ಹಿಡಿಯುತ್ತೇವೆ. “ಸಿಸ್ಟರ್, ವೈರ್ ಅಂದ್ರ ವೈರ್ ಅಲ್ರೀ? ದಪ್ಪ ಆದ್ರೇನು, ತೆಳ್ಳಗಾದ್ರೇನು?” ಎಂದು ಸಭೆಯಲ್ಲಿ ಕೇಳುವುದುಂಟು. ತೆಳು ವೈರು ಕಾದು ಬೆಂಕಿ ಹತ್ತಬಹುದು, ಮೋಟರು ಸುಡಬಹುದು. ಮೋಟರು ಸುಟ್ಟರೂ ಸಾಲದ ಕಂತು ನಿಲ್ಲುವುದಿಲ್ಲ.

ನಳಕ್ಕೆ ಉದ್ದನೆಯ ಸಣ್ಣ ಪೈಪು ಹಚ್ಚಿದರೆ ತುದಿಯಲ್ಲಿ ನೀರಿನ ರಭಸ ಇರುವುದಿಲ್ಲ. ಕರೆಂಟೂ ಹಾಗೇ. ಅದಕ್ಕೇ ಎರಡು ಲೆಕ್ಕ ಕಲಿಯೋಣ.

1. ಭಾರ: ಯಂತ್ರದ ಮೇಲಿನ ಪಟ್ಟಿಯಲ್ಲಿ ವ್ಯಾಟ್ ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2000 ವ್ಯಾಟಿನ ಗೀಸರಿಗೆ ಸುಮಾರು 9 ಆಂಪಿಯರ್. ಮೋಟರಿಗೆ ಇದಕ್ಕಿಂತ ತುಸು ಹೆಚ್ಚು ಬೇಕು. ಶುರುವಾಗುವಾಗಂತೂ ಹಲವು ಪಟ್ಟು ಎಳೆಯುತ್ತದೆ.

2. ದೂರ: ಕಣ್ಣಂದಾಜು ಬೇಡ. ಮೀಟರ್ ಬೋರ್ಡಿನಿಂದ ವೈರು ಗೋಡೆ ಹತ್ತಿ ಇಳಿಯುವ ದಾರಿಯಲ್ಲೇ ಒಣ ದಾರ ಹಿಡಿದು ಅಳೆಯಿರಿ. ಜೋಡಣೆಗೆ ಒಂದು ಮೀಟರ್ ಹೆಚ್ಚು ಸೇರಿಸಿ.

ತಾಮ್ರದ ವೈರಾದರೆ ದೀಪ, ಫ್ಯಾನಿಗೆ 1.5 ಚದರ ಮಿ.ಮೀ. ಸಾಕು. 16 ಆಂಪಿಯರ್ ಪ್ಲಗ್ಗಿಗೆ 2.5 ಬೇಕು. ದೂರ ಹೆಚ್ಚಾದರೆ ಇನ್ನೂ ದಪ್ಪ ಬೇಕು. 10 ಆಂಪಿಯರ್ ಎಳೆಯುವ ಗಿರಣಿ 30 ಮೀಟರ್ ದೂರವಿದ್ದರೆ, 1.5ರ ವೈರಿನಲ್ಲಿ ಸುಮಾರು 7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, 2.5ರಲ್ಲಿ ನಾಲ್ಕೂವರೆ ವೋಲ್ಟ್. ಅದೇ ಗಿರಣಿ 60 ಮೀಟರ್ ದೂರವಿದ್ದರೆ ನಷ್ಟ ಇಮ್ಮಡಿ. ಆಗ 4 ಚದರ ಮಿ.ಮೀ. ಹಾಕಿಸುವುದು ಒಳ್ಳೆಯದು.

ಇವನ್ನು ಮರೆಯಬೇಡಿ:

• ಗಿರಣಿಗೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. ನಡುವೆ ದೀಪದ ಹಳೇ ತೆಳು ವೈರು ಉಳಿದರೆ ಮುಂದೆ ದಪ್ಪ ಹಾಕಿಯೂ ಉಪಯೋಗವಿಲ್ಲ.

• ಎಂ.ಸಿ.ಬಿ. ಮೇಲಿಂದ ಮೇಲೆ ಬಿದ್ದರೆ ದೊಡ್ಡದು ಹಾಕಿಸಬೇಡಿ, ಕಾರಣ ಹುಡುಕಿಸಿ. ಅದು ವೈರನ್ನು ಕಾಯುವ ಕಾವಲುಗಾರ.

• ಅರ್ಥಿಂಗ್ ವೈರು ಬಿಡಬೇಡಿ. ಆಘಾತ ತಪ್ಪಿಸಲು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ.

• ಉಳಿದ ವೈರನ್ನು ಸುರುಳಿ ಸುತ್ತಿ ಬಳಸಬೇಡಿ, ಕಾಯುತ್ತದೆ.

• ಐ.ಎಸ್.ಐ. ಗುರುತಿನ ವೈರನ್ನೇ ಕೊಳ್ಳಿ. ಲೈಸೆನ್ಸ್ ಇದ್ದವರಿಂದಲೇ ಕೆಲಸ ಮಾಡಿಸಿ. ವ್ಯಾಪಾರಕ್ಕಾದರೆ ಮೊದಲು ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ.

ಮುಂದಿನ ಸಭೆಗೆ ನಿಮ್ಮ ಮನೆಯ ಒಂದು ಯಂತ್ರದ ವ್ಯಾಟ್ ಮತ್ತು ಬೋರ್ಡಿನಿಂದ ಅದಕ್ಕಿರುವ ದೂರ ಬರೆದುಕೊಂಡು ಬನ್ನಿ. ಓದು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಎಲ್ಲರೂ ಕೂಡಿ ಲೆಕ್ಕ ಮಾಡೋಣ. ಇನ್ನು ಮುಂದೆ ಯಂತ್ರಕ್ಕೆ ಸಾಲ ಕೇಳುವಾಗ ವೈರಿನ ಖರ್ಚನ್ನೂ ಅರ್ಜಿಯಲ್ಲೇ ಸೇರಿಸೋಣ.