ಮನೆ ಬದಲಿಸುವಾಗ ಒಡೆಯುವ ಸಾಮಾನುಗಳ ಜೋಪಾನ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಮ್ಮ ಇಲ್ಲವೆ ತಮ್ಮ ಯಜಮಾನರ ವರ್ಗಾವಣೆಯ ನಿಮಿತ್ತ ಎರಡು ಮೂರು ವರುಷಕ್ಕೊಮ್ಮೆ ಊರು ಬಿಡತಕ್ಕವರಾಗಿದ್ದಾರೆ. ಅಡಿಗೆ, ಹೊಲಿಗೆ, ಮನೆಯ ಲೆಕ್ಕಗಳನ್ನು ನಾವು ಅವರಿಗೆ ಕಲಿಸಿದೆವು. ಮನೆಯನ್ನು ಕಟ್ಟಿ ಸಾಗಿಸುವ ಬಗೆಯನ್ನು ಕಲಿಸಲಿಲ್ಲ. ನಾವೂ ಅದನ್ನು ಒಂದು ನಷ್ಟವಾದ ಮೇಲೆಯೇ ಅರಿತುಕೊಂಡೆವು.

೨೦೧೬ನೆಯ ಇಸವಿಯ ಜುಲೈ ತಿಂಗಳಲ್ಲಿ, ತಂದೆಯವರು ತೀರಿಕೊಂಡ ತರುವಾಯ, ಪುತ್ತೂರಿನಲ್ಲಿದ್ದ ಮನೆಯನ್ನು ಬಿಡಿಸಿ ತಾಯಿಯವರನ್ನು ಹಾಸನಕ್ಕೆ ಕರೆತಂದೆವು. ಸಾಮಾನುಗಳು ಲಾರಿಯಲ್ಲಿ ಶಿರಾಡಿ ಘಾಟಿಯನ್ನು ಹತ್ತಿ ಬಂದವು. ಅವುಗಳಲ್ಲಿ ಅಜ್ಜಿಯ ಕಾಲದಿಂದ ಮಾವಿನ ಮಿಡಿ ಹಾಕುತ್ತಿದ್ದ ಪಿಂಗಾಣಿಯ ಭರಣಿಯೊಂದಿತ್ತು. ಅದಕ್ಕೆ ಎರಡು ಹಳೆಯ ಸೀರೆಗಳನ್ನು ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ಬೈಹುಲ್ಲು ತುಂಬಿದ್ದೆವು. ಬಿಚ್ಚಿ ನೋಡುವಾಗ ಅದರ ಕಂಠವು ಮೂರು ಹೋಳಾಗಿತ್ತು. ನಾವು ಲಾರಿಯವರನ್ನು ದೂರಿದೆವು. ತಾಯಿಯವರು ಏನೂ ಅನ್ನದೆ ಮುಚ್ಚಳವನ್ನು ಒರಸಿ ಒಳಗಿಟ್ಟರು. ಆ ಮುಂದಿನ ಬೇಸಗೆಯಲ್ಲಿ ಅವರು ಮಿಡಿ ಹಾಕಲಿಲ್ಲ.

ಪೆಟ್ಟಿಗೆಯನ್ನು ಪರೀಕ್ಷಿಸಿದಾಗ ತಪ್ಪು ನಮ್ಮದೆಂದು ತಿಳಿಯಿತು. ಮೇಲ್ಗಡೆ ನಾಲ್ಕು ಬೆರಳಿನಷ್ಟು ಜಾಗ ಬರಿದಾಗಿತ್ತು. ಪ್ರತಿಯೊಂದು ಕುಲುಕಿಗೂ ಭರಣಿಯು ಎದ್ದು ಕುಳಿತಿರಬೇಕು. ಬರಿದಾದ ಕಡೆಯಲ್ಲಿ ರಟ್ಟು ಕುಗ್ಗಿ, ಮೇಲಿದ್ದ ಪೆಟ್ಟಿಗೆಯ ಭಾರವು ಅದರ ಬಾಯಿಯ ಮೇಲೆ ಕುಳಿತಿತ್ತು. ಆದುದರಿಂದ ಮುಚ್ಚಿದ ಪೆಟ್ಟಿಗೆಯನ್ನು ಮೆಲ್ಲನೆ ಅಲ್ಲಾಡಿಸಿ ನೋಡತಕ್ಕದ್ದು. ಒಳಗೆ ಏನಾದರೂ ಸರಿದಂತಾದರೆ ಪುನಃ ಬಿಚ್ಚಿ ತುಂಬಬೇಕು.

ಮೆತ್ತೆಯ ಕೆಲಸವೇನೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ೮೦ ಸೆಂಟಿಮೀಟರ್ ಎತ್ತರದಿಂದ ಬಿದ್ದ ಲೋಟವು ಗಟ್ಟಿ ನೆಲದ ಮೇಲೆ ಒಂದು ಮಿಲಿಮೀಟರಿನೊಳಗೆ ನಿಂತುಬಿಟ್ಟರೆ, ಅದಕ್ಕೆ ತಗಲುವ ಪೆಟ್ಟು ಅದರ ತೂಕದ ಸುಮಾರು ೮೦೦ ಪಟ್ಟಾಗುತ್ತದೆ. ಮೆತ್ತೆಯು ೨ ಸೆಂಟಿಮೀಟರ್ ಅದುಮಿಕೊಂಡು ನಿಲ್ಲಿಸಿದರೆ ಸುಮಾರು ೪೦ ಪಟ್ಟು ಮಾತ್ರ. ಅಂದರೆ ಮೆತ್ತೆಯು ಅದುಮಲಿಕ್ಕೆ ಎಡೆಯುಳ್ಳದ್ದಾಗಿರಬೇಕು. ಕಲ್ಲಿನಂತೆ ಗಿಡಿದು ತುಂಬಿದ ಕಾಗದವೂ ಪ್ರಯೋಜನವಿಲ್ಲ.

ತಟ್ಟೆ ಬಸಿಗಳನ್ನು ಒಂದರ ಮೇಲೊಂದಾಗಿ ಮಲಗಿಸಬಾರದು. ಹಾಗೆ ಮಾಡಿದರೆ ಅಡಿಯ ತಟ್ಟೆಯು ಎಲ್ಲವುಗಳ ಭಾರವನ್ನು ಹೊತ್ತು ಬಾಗಬೇಕಾಗುತ್ತದೆ, ಪಿಂಗಾಣಿಯಾದರೋ ಬಾಗಲರಿಯದು. ಒಂದೊಂದಕ್ಕೂ ಕಾಗದ ಸುತ್ತಿ, ಅಂಚಿನ ಮೇಲೆ ಒತ್ತೊತ್ತಾಗಿ ನಿಲ್ಲಿಸತಕ್ಕದ್ದು. ಚಿನ್ನದ ಅಂಚಿನವುಗಳಿಗೆ ಮೊದಲು ಬಿಳಿಯ ಕಾಗದ, ಆಮೇಲೆ ವರ್ತಮಾನಪತ್ರ. ಇಲ್ಲವಾದರೆ ಮಳೆಗಾಲದ ತೇವಕ್ಕೆ ಮಸಿ ಹತ್ತೀತು. ಲೋಟಗಳ ಹೊಟ್ಟೆಯೊಳಗೂ ಕಾಗದ ತುಂಬಬೇಕು, ಆದರೆ ಒಂದರೊಳಗೊಂದನ್ನು ತೂರಿಸಬಾರದು. ಭಾರವಾದವುಗಳಿಗೆ ಸಣ್ಣ ಪೆಟ್ಟಿಗೆಗಳೇ ಲೇಸು, ಯಾಕಂದರೆ ಹೊರುವವನ ಕೈ ಸೋತಲ್ಲಿ ಪೆಟ್ಟಿಗೆಯು ಬಿದ್ದೇ ಬೀಳುವದು. ಇದನ್ನು ಕೂಲಿಯವನ ಅಲಕ್ಷ್ಯವೆನ್ನುವವರು ಒಮ್ಮೆ ತಾವೇ ಎತ್ತಿ ನೋಡಲಿ.

ಕನ್ನಡಿಯ ಮೇಲೆ ಅಡ್ಡಡ್ಡವಾಗಿ ಅಂಟುಪಟ್ಟಿ ಹಚ್ಚುವ ರೂಢಿಯುಂಟು. ಅದು ಒಡೆಯುವುದನ್ನು ತಡೆಯಲಾರದು. ಚೂರುಗಳು ಚೆದರದಂತೆ ಹಿಡಿಯುವದಷ್ಟೇ. ಕನ್ನಡಿಯನ್ನೂ ಚಿತ್ರಗಳ ಗಾಜನ್ನೂ ಎರಡು ಹಾಸಿಗೆಗಳ ನಡುವೆ ನೆಟ್ಟಗೆ ನಿಲ್ಲಿಸಬೇಕು. ಎಣ್ಣೆ, ಉಪ್ಪಿನಕಾಯಿಗಳನ್ನು ಪಾತ್ರೆಯೊಡನೆ ಸಾಗಿಸದೆ ಮೊದಲೇ ಹಂಚಿಬಿಡುವದು ಉತ್ತಮ. ಬೈಹುಲ್ಲು ಒಣಗಿದ್ದಾಗಿರಲಿ.

ಪ್ರತಿ ಪೆಟ್ಟಿಗೆಯ ಪಕ್ಕದಲ್ಲಿ ಒಳಗಿನವುಗಳ ಹೆಸರನ್ನೂ ಎಣಿಕೆಯನ್ನೂ ಬರೆಯತಕ್ಕದ್ದು. ಮೇಲ್ಮೈಯಲ್ಲಿ ಬರೆದರೆ ಇನ್ನೊಂದು ಪೆಟ್ಟಿಗೆಯಿಂದ ಮರೆಯಾಗುತ್ತದೆ. ಹೊಸ ಮನೆಯಲ್ಲಿ ಬಿಚ್ಚುವಾಗ ಆ ಎಣಿಕೆಯನ್ನು ಸರಿನೋಡುವ ತನಕ ಬೈಹುಲ್ಲನ್ನೂ ಕಾಗದವನ್ನೂ ಹೊರಗೆ ಹಾಕಬಾರದು. ನಮ್ಮ ಚಹದ ಪಾತ್ರೆಯ ಮುಚ್ಚಳವು ಹಾಗೆಯೇ ಹುಲ್ಲಿನೊಡನೆ ನೆರೆಮನೆಯ ಹಸುವಿನ ಮುಂದೆ ಹೋಗಿ, ಸಂಜೆಗೆ ಅಲ್ಲಿಂದ ಹಿಂದೆ ಬಂತು.