ಮೀನಿನ ಕಸ, ಗಿಡಕ್ಕೆ ರಸ



ಶ್ರೀರಂಗಪಟ್ಟಣದ ಸುತ್ತ ಕಾವೇರಿ ಹರಿಯುತ್ತದೆ. ಪಾಂಡವಪುರದ ಹತ್ತಿರ ತೊಣ್ಣೂರು ಕೆರೆ ಇದೆ. ಕೆ.ಆರ್. ಪೇಟೆ ಕಡೆ ಹೇಮಾವತಿ ಹೊಳೆ ಇದೆ. ನಾಗಮಂಗಲ ಮಳೆ ನಂಬಿದ ಸೀಮೆ. ಒಳ್ಳೆ ಮಳೆ ಬಂದರೆ ಅಲ್ಲಿಯ ಕೆರೆಗಳೂ ತುಂಬುತ್ತವೆ. ನೀರು ಇದ್ದ ಕಡೆ ಮೀನು ಇದೆ. ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ಮೀನು ಸಂತೆಗೆ ಬರುತ್ತವೆ.

ಮೀನು ತಂದ ದಿನ ಮನೆಯವರಿಗೆಲ್ಲ ಖುಷಿ. ಶುಚಿ ಮಾಡುವ ಕೆಲಸ ಮಾತ್ರ ನಮ್ಮದು. ತಲೆ ಸಾರಿಗೆ ಬೇಕು. ಉಳಿದ ಕರುಳು, ಕಿವಿರು, ರೆಕ್ಕೆ, ಪೊರೆ ಏನು ಮಾಡ್ತೀವಿ? ಚರಂಡಿಗೆ ಎಸೀತೀವಿ. ಅಲ್ಲಿ ನಾಯಿ ಎಳೆದಾಡುತ್ತವೆ. ನೊಣ ಮುತ್ತುತ್ತವೆ. ಅದೇ ನೊಣ ಬಂದು ಮಕ್ಕಳ ತಟ್ಟೆ ಮೇಲೆ ಕೂರುತ್ತದೆ. ಮಕ್ಕಳಿಗೆ ವಾಂತಿ ಭೇದಿ ಶುರುವಾಗುತ್ತದೆ.

ಈ ಕಸವನ್ನು ಹಿತ್ತಲಿನ ಗಿಡಕ್ಕೆ ಕೊಟ್ಟರೆ ಏನಾಗುತ್ತದೆ? ಅತ್ತೆ ಸೊಸೆ ಮಾತಾಡುವುದನ್ನು ಓದೋಣ.

ಸೊಸೆ: ಅತ್ತೆ, ಬದನೆ ಎಲೆ ಹಳದಿ ಆಗ್ತಾ ಐತೆ. ಅಂಗಡಿಯಿಂದ ಗೊಬ್ಬರ ತರೋಣವಾ?

ಅತ್ತೆ: ದುಡ್ಡು ಎಲ್ಲೈತೆ ಕಣವ್ವ? ಮೀನಿನ ಕಸ ಐತಲ್ಲ, ಬುಡಕ್ಕೆ ಕೊಡು.

ಸೊಸೆ: ನಾತ ಬರಲ್ವಾ? ನಾಯಿ ಕೆದಕಲ್ವಾ?

ಅತ್ತೆ: ಮೇಲೆ ಹಾಕಿದ್ರೆ ಕೆದಕ್ತವೆ. ಆಳವಾಗಿ ಹೂಳಬೇಕು ಕಣವ್ವ.

ಅತ್ತೆಯ ಮಾತು ನಿಜ. ಇದು ಹಳೆಯ ತಿಳಿವಳಿಕೆ. ಸುಮಾರು ಸಾವಿರ ವರ್ಷದ ಹಿಂದೆ ಸುರಪಾಲ ಎಂಬ ಪಂಡಿತ ಗಿಡಮರಗಳ ಬಗ್ಗೆ ಪುಸ್ತಕ ಬರೆದ. ಅದರ ಹೆಸರು ವೃಕ್ಷಾಯುರ್ವೇದ. ಮೀನು, ಮಾಂಸ, ಮೂಳೆ ಕೊಳೆಸಿದ ನೀರನ್ನು ಗಿಡಕ್ಕೆ ಕೊಡುವ ವಿಷಯ ಅದರಲ್ಲಿದೆ. ಆ ನೀರಿಗೆ ಕುಣಪಜಲ ಎಂದು ಹೆಸರು. ನಮ್ಮ ಕರಾವಳಿಯಲ್ಲೂ ಬೂತಾಯಿ ಮೀನು ಬಹಳ ಸಿಕ್ಕಾಗ ತೆಂಗಿನ ಬುಡಕ್ಕೆ ಹಾಕುತ್ತಿದ್ದರು.

ಮೀನಿನಲ್ಲಿ ಏನಿದೆ?

ಮೀನಿನಲ್ಲಿ ಸಾರಜನಕ ಇದೆ. ಇದರಿಂದ ಎಲೆ ಹಸಿರಾಗುತ್ತದೆ. ಮುಳ್ಳಿನಲ್ಲಿ ರಂಜಕ ಮತ್ತು ಸುಣ್ಣದ ಅಂಶ ಇದೆ. ರಂಜಕದಿಂದ ಬೇರು ಬಲವಾಗುತ್ತದೆ. ಹೂವು ಕಾಯಿ ಚೆನ್ನಾಗಿ ಕಟ್ಟುತ್ತದೆ. ಪೊಟ್ಯಾಶ್ ಮಾತ್ರ ಕಡಿಮೆ. ಅದು ಒಲೆಯ ಬೂದಿಯಲ್ಲಿದೆ. ಬೂದಿಯನ್ನು ಮೀನಿನ ಜೊತೆ ಬೆರೆಸಬೇಡಿ. ಬೇರೆ ದಿನ ಒಂದು ಹಿಡಿ ಹಾಕಿ.

ಕೊಟ್ಟಿಗೆ ಗೊಬ್ಬರ ಬಿಡಬಾರದು. ಅದು ಮಣ್ಣನ್ನು ಮೆದು ಮಾಡುತ್ತದೆ. ಅದರ ಜೊತೆಗೆ ಮೀನಿನ ಗೊಬ್ಬರವೂ ಇರಲಿ.

ಮೊದಲ ವಿಧಾನ: ಹೂಳುವುದು

ಇದಕ್ಕೆ ಒಂದು ಕಾಸೂ ಬೇಡ.

1. ಗಿಡದ ಬುಡದಿಂದ ಒಂದು ಮೊಳ ದೂರ ಬಿಡಿ. ಬುಡಕ್ಕೇ ಹಾಕಿದರೆ ಬೇರು ಸುಡುತ್ತದೆ.
2. ಒಂದು ಮೊಳ ಆಳದ ಗುಂಡಿ ತೆಗೆಯಿರಿ.
3. ಮೀನಿನ ಕಸ ಹಾಕಿ, ಮೇಲೆ ಒಣಗಿದ ಎಲೆ ಹಾಕಿ.
4. ಮಣ್ಣು ಮುಚ್ಚಿ ತುಳಿಯಿರಿ. ನಾಯಿ ಕೆದಕದಂತೆ ಕಲ್ಲು ಅಥವಾ ಮುಳ್ಳಿನ ಕಂಪೆ ಇಡಿ.

ಮಣ್ಣು ಒಣಗಿದ್ದರೆ ಕಸ ಕೊಳೆಯುವುದಿಲ್ಲ. ನಾಗಮಂಗಲದ ಕಡೆಯವರು ಇದನ್ನು ನೆನಪಿಡಬೇಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರನ್ನು ಅಲ್ಲಿಗೆ ಹಾಕಿ. ಬಾವಿ, ಬೋರ್‌ವೆಲ್ ಹತ್ತಿರ ಹೂಳಬೇಡಿ.

ಎರಡನೆಯ ವಿಧಾನ: ಮೀನು-ಬೆಲ್ಲದ ರಸ

ನಮ್ಮದು ಬೆಲ್ಲದ ಸೀಮೆ. ಆಲೆಮನೆಯಲ್ಲಿ ಉಳಿದ ಪುಡಿ ಬೆಲ್ಲ ಸಿಕ್ಕಿದರೆ ಅದೇ ಸಾಕು.

1. ಒಂದು ಕಿಲೋ ಮೀನಿನ ಕಸವನ್ನು ಸಣ್ಣಗೆ ಕತ್ತರಿಸಿ.
2. ಒಂದು ಕಿಲೋ ಬೆಲ್ಲ ಪುಡಿ ಮಾಡಿ ಬೆರೆಸಿ. ನೀರು ಹಾಕಬೇಡಿ.
3. ಮಣ್ಣಿನ ಮಡಕೆ ಅಥವಾ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ. ಕಬ್ಬಿಣ, ತಾಮ್ರದ ಪಾತ್ರೆ ಬೇಡ. ಮೇಲೆ ಸ್ವಲ್ಪ ಜಾಗ ಖಾಲಿ ಇರಲಿ.
4. ಬಾಯಿಗೆ ಬಟ್ಟೆ ಕಟ್ಟಿ. ನೆರಳಲ್ಲಿಡಿ. ಬಿರಡೆ ಬಿಗಿದರೆ ಒಳಗಿನ ಗಾಳಿಗೆ ಡಬ್ಬ ಸಿಡಿಯಬಹುದು.
5. ಮೂರು ನಾಲ್ಕು ವಾರ ಬಿಡಿ. ಆಮೇಲೆ ರಸ ಸೋಸಿ ಬಾಟಲಿಗೆ ಹಾಕಿ.

ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ರಸ ಸಾಕು. ಅಂದರೆ 5 ಮಿಲಿ ಲೀಟರ್. ಹದಿನೈದು ದಿನಕ್ಕೊಮ್ಮೆ ಸಂಜೆ ಹೊತ್ತು ಗಿಡಕ್ಕೆ ಚಿಮುಕಿಸಿ. ಹೆಚ್ಚು ಹಾಕಿದರೆ ಎಲೆ ಸುಡುತ್ತದೆ.

ಎಚ್ಚರಿಕೆ

ಉಪ್ಪು ಮೀನು, ಉಪ್ಪು ಖಾರ ಹಾಕಿದ ಸಾರಿನ ಕಸ ಬೇಡ. ಉಪ್ಪು ಮಣ್ಣನ್ನು ಕೆಡಿಸುತ್ತದೆ. ಕೀಳುವ ಸೊಪ್ಪಿಗೆ ರಸ ಚಿಮುಕಿಸಬೇಡಿ. ಕೀಳುವ ಒಂದು ವಾರ ಮೊದಲೇ ನಿಲ್ಲಿಸಿ. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿ. ರಸದ ಬಾಟಲಿ ಮಕ್ಕಳ ಕೈಗೆ ಸಿಗದಂತಿರಲಿ. ಬಾಟಲಿ ಮೇಲೆ "ಗಿಡದ ಗೊಬ್ಬರ" ಎಂದು ನೀವೇ ಬರೆಯಿರಿ. ಕೆಲಸ ಆದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ನಮಗೆ ಏನು ಲಾಭ?

ನಮ್ಮಲ್ಲಿ ಬಹಳ ಹೆಂಗಸರಿಗೆ ರಕ್ತ ಕಡಿಮೆ. ಎದ್ದರೆ ತಲೆ ಸುತ್ತು, ನಡೆದರೆ ಸುಸ್ತು. ದಂಟು, ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಸಂತೆಯಿಂದ ತಂದ ಸೊಪ್ಪು ಎಲ್ಲರಿಗೂ ಹಂಚಿ ಕೊನೆಗೆ ನಮಗೆ ಉಳಿಯುವುದಿಲ್ಲ. ಹಿತ್ತಲಲ್ಲಿ ಬೆಳೆದರೆ ನಮ್ಮ ತಟ್ಟೆಗೂ ಬರುತ್ತದೆ. ಹೆಚ್ಚಾದ ಕಾಯಿ ಮಾರಿದರೆ ಆ ದುಡ್ಡು ನಮ್ಮ ಕೈಗೆ ಬರುತ್ತದೆ.

ಮೀನು ತಿನ್ನದ ಮನೆಯವರು ಮೀನಿನ ಅಂಗಡಿಯಿಂದ ಕಸ ತರಬಹುದು. ಸಂಘದವರು ಸೇರಿ ಒಂದೇ ಕಡೆ ರಸ ಮಾಡಿ ಹಂಚಿಕೊಳ್ಳಬಹುದು. ಅನುಮಾನ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಉತ್ತರ ಹೇಳಿ

1. ಮೀನಿನ ಕಸ ಚರಂಡಿಗೆ ಎಸೆದರೆ ಏನು ತೊಂದರೆ?
2. ಗುಂಡಿ ಗಿಡದಿಂದ ಎಷ್ಟು ದೂರ ಇರಬೇಕು?
3. ಉಪ್ಪು ಮೀನು ಏಕೆ ಹಾಕಬಾರದು?

ಲೆಕ್ಕ ಮಾಡಿ

ಒಂದು ಲೀಟರ್ ನೀರಿಗೆ ಒಂದು ಚಮಚ ರಸ. 8 ಲೀಟರ್ ನೀರಿಗೆ ಎಷ್ಟು ಚಮಚ? ಎಷ್ಟು ಮಿಲಿ ಲೀಟರ್?

ಬರೆಯಿರಿ

ನಿಮ್ಮ ಹಿತ್ತಲಲ್ಲಿ ಇರುವ ಐದು ಗಿಡಗಳ ಹೆಸರು ಬರೆಯಿರಿ. ಮೊದಲು ಯಾವುದಕ್ಕೆ ಈ ಗೊಬ್ಬರ ಕೊಡುತ್ತೀರಿ? ಅದರ ಮುಂದೆ ಗುರುತು ಹಾಕಿ.