ವೈದ್ಯನ ಮಾತಿಗೂ ಯೋಗ್ಯಾವಿಧಿ

ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಯೋಗ್ಯಾ ಎಂದರೆ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಾದರೂ ಕೈ ಪಳಗದೆ ಚಿಕಿತ್ಸೆಗೆ ಯೋಗ್ಯನಾಗನೆಂಬುದು ಅಲ್ಲಿಯ ವಿಧಿ. ಛೇದನವನ್ನು ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕಲಿಯಬೇಕು. ಸಿರೆ ಚುಚ್ಚುವುದನ್ನು ನೈದಿಲೆಯ ದಂಟಿನಲ್ಲಿ. ಹೊಲಿಗೆಯನ್ನು ಬಟ್ಟೆಯಲ್ಲಿಯೂ ಮೆದು ತೊಗಲಿನಲ್ಲಿಯೂ. ಪಟ್ಟಿ ಕಟ್ಟುವುದನ್ನು ಪುಸ್ತಮಯ ಪುರುಷನ, ಎಂದರೆ ಬೊಂಬೆಯ, ಅಂಗಾಂಗಗಳಲ್ಲಿ. ನೊಂದವನ ಮೈಯೇ ಶಿಷ್ಯನ ಮೊದಲ ಪಾಟಿಯಾಗಬಾರದಷ್ಟೆ.

ಶಸ್ತ್ರಕ್ಕಿಂತಲೂ ಹೆಚ್ಚಾಗಿ ವೈದ್ಯನು ಬಳಸುವ ಸಾಧನ ಮಾತು. ಅದನ್ನು ಸೋರೆಕಾಯಿಯ ಮೇಲೆ ಅಭ್ಯಸಿಸುವಂತಿಲ್ಲ, ಸೋರೆಕಾಯಿ ಮರುನುಡಿಯದು.

1963ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರರೋಗತಜ್ಞ ಹೊವರ್ಡ್ ಬ್ಯಾರೋಸ್ ಅವರು ಒಂದು ಹೊಸ ಉಪಾಯವನ್ನು ಕಂಡರು. ಆರೋಗ್ಯವಂತಳಾದ ಒಬ್ಬ ಮಹಿಳೆಗೆ, ಕಾಲುಗಳ ಸ್ವಾಧೀನ ತಪ್ಪಿದ ರೋಗಿಯ ಲಕ್ಷಣಗಳನ್ನೂ ವೃತ್ತಾಂತವನ್ನೂ ಕಲಿಸಿ, ವಿದ್ಯಾರ್ಥಿಗಳ ಪರೀಕ್ಷೆಗೆ ಒಪ್ಪಿಸಿದರು. ವಿದ್ಯಾರ್ಥಿ ಹೊರಟ ಮೇಲೆ, ಅವನು ಮಾಡಿದ್ದೇನು, ಬಿಟ್ಟದ್ದೇನು ಎಂಬುದನ್ನು ಆಕೆಯೇ ಗುರುತುಹಾಕುತ್ತಿದ್ದಳು. ವೈದ್ಯವಿದ್ಯೆಗೆ ನಾಟಕದ ವೇಷವೇ ಎಂದು ಹಳಿದವರಿದ್ದರು. ಆದರೂ ಕ್ರಮ ಹರಡಿತು. ಭಾರತದಲ್ಲಿಯೂ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಾಠಕ್ರಮದಲ್ಲಿ ವರ್ತನೆ, ನೀತಿ, ಸಂವಹನಗಳ ಶಿಕ್ಷಣಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು.

ಇದರ ಪ್ರಯೋಜನವೇನೆಂಬುದನ್ನು ಒಂದು ಪಾಠವನ್ನು ಕಲ್ಪಿಸಿಕೊಂಡು ನೋಡೋಣ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತ ಹಳ್ಳಿಯ ಮುದುಕಿಯ ಪಾತ್ರವನ್ನು ಒಬ್ಬಾಕೆ ವಹಿಸಿದ್ದಾಳೆ. ವಿದ್ಯಾರ್ಥಿ ಕಾಗದದಿಂದ ಕಣ್ಣೆತ್ತದೆ, "ಕಾಲು ತೆಗೆಯಬೇಕಾಗುತ್ತದೆ" ಎಂದು, ಸೋಂಕು, ರಕ್ತಸಂಚಾರ, ಅರಿವಳಿಕೆಗಳನ್ನು ಒಂದೇ ಉಸಿರಿನಲ್ಲಿ ವಿವರಿಸುತ್ತಾನೆ. ವಿವರಣೆಯಲ್ಲಿ ಶಾಸ್ತ್ರದೋಷ ಲವಲೇಶವೂ ಇಲ್ಲ. ಅಧ್ಯಾಪಕರು ಪಾಠ ನಿಲ್ಲಿಸಿದಾಗ ಆಕೆ ವೇಷ ಕಳಚಿ ಹೇಳುತ್ತಾಳೆ: "ಕಾಲು ತೆಗೆಯಬೇಕು ಅಂದ ಮೇಲೆ ನೀವು ಆಡಿದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲಪ್ಪ. ಹೊಲದ ಬದುವಿನ ಮೇಲೆ ಇನ್ನು ನಡೆಯೋದು ಹೇಗೆ ಅಂತ ಕೇಳಬೇಕಿತ್ತು. ನೀವು ಬಿಡಲೇ ಇಲ್ಲ."

ನಿಜವಾದ ರೋಗಿ ಹೀಗೆ ಹೇಳುವುದು ವಿರಳ. ವೈದ್ಯನಿಗೆ ಕೈಮುಗಿದು, ತಿಳಿಯಿತೆಂದು ತಲೆಯಾಡಿಸಿ, ಹೊರಗೆ ಬಂದು ಮಗನನ್ನು ಕೇಳುತ್ತಾಳೆ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ವೈದ್ಯರು ಸರಾಸರಿ 18 ಸೆಕೆಂಡುಗಳಲ್ಲಿಯೇ ರೋಗಿಯ ಮಾತಿಗೆ ಅಡ್ಡಬಂದರೆಂದು ಕಂಡಿತು. ಕಟುವಾರ್ತೆ ತಿಳಿಸಲು 2000ದಲ್ಲಿ ಪ್ರಕಟವಾದ ಆರು ಹೆಜ್ಜೆಗಳ ಕ್ರಮದಲ್ಲಿ, ಹೇಳುವುದಕ್ಕೆ ಮುಂಚೆ ರೋಗಿಗೆ ತಿಳಿದಿರುವುದೇನೆಂದು ಕೇಳುವುದನ್ನು ಇರಿಸಿರುವುದು ಸಕಾರಣವಾಗಿದೆ. ನಮ್ಮ ವಿದ್ಯಾರ್ಥಿಯೂ ಎರಡನೆಯ ಸಲ ಕುಳಿತಾಗ, "ಅಮ್ಮಾ, ಕಾಲಿನ ವಿಚಾರ ಇದುವರೆಗೆ ನಿಮಗೆ ಏನು ಹೇಳಿದ್ದಾರೆ?" ಎಂದು ಮೊದಲು ಕೇಳಿ ಸುಮ್ಮನಿರಬೇಕು. ಇಂಗ್ಲಿಷಿನಲ್ಲಿ ಓದಿದ್ದನ್ನು ಆಕೆಯ ಕನ್ನಡದಲ್ಲಿ ಹೇಳುವ ಕಷ್ಟವೂ ಅವನಿಗೆ ಅಲ್ಲಿಯೇ ಅರಿವಾಗುವುದು.

ಅಭ್ಯಾಸದಿಂದ ಬಂದ ಕರುಣೆ ಕಪಟವಲ್ಲವೇ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯಲಾರೆ. ಅಂಕಗಳ ಆಸೆಗೆ "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎಂಬ ವಾಕ್ಯವನ್ನು ಉರುಹೊಡೆದು ಬರುವುದು ಸುಲಭ. ಆದರೆ ಇಲ್ಲಿ ಪಳಗಬೇಕಾದುದು ಕಣ್ಣೀರಲ್ಲ, ಕಿವಿ. ಆಕೆ ಹೊಲದ ಮಾತೆತ್ತಿದಾಗ ಅದಕ್ಕೆ ಉತ್ತರ ಬಂದಿತೋ ಇಲ್ಲವೋ ಎಂಬುದನ್ನು ಯಾವ ಕಪಟವೂ ಮರೆಮಾಡಲಾರದು. ಆದುದರಿಂದ ಅಂಕ ಕೊಡುವ ಅಧಿಕಾರದಲ್ಲಿ ಒಂದು ಪಾಲು ಅಧ್ಯಾಪಕರಿಗಲ್ಲದೆ ಆ ಪಾತ್ರಧಾರಿಣಿಗೂ ಇರತಕ್ಕದ್ದು.